ಅರೆ

ಮೊದಲು ಒಂದು ಚುಕ್ಕಿ.
ಟ್ಯೂಬ್‌ಲೈಟು ದಿಟ್ಟಿಸಿ ಕಣ್ಣು ತಿರುಗಿಸಿದಾಗ
ಉಳಿಯುತ್ತದಲ್ಲ, ಅಂಥದ್ದು.
ಬಳೇಪೇಟೆಯ ಈ ಮಹಡಿಯಲ್ಲಿ
ಲಗ್ನಪತ್ರಿಕೆಯ ಕರಡು ಹಿಡಿದು
‘ಕಲ್ಯಾಣ’ ಎಂದು ಓದಹೋದರೆ ಒತ್ತು ಕಾಣದು.
ತಲೆ ಸರಿಸಿದರೆ ಇದೆ,
ನೇರ ನೋಡಿದರೆ ಇಲ್ಲ.

ಆಮೇಲೆ ಚುಕ್ಕಿ ಬಾಯಿ ತೆರೆಯುತ್ತದೆ.
ಅಂಚಿಗೆ ಗರಗಸದ ಹಲ್ಲು—
ಅಲ್ಲ, ಗರಗಸ ಅಂದವರು ಡಾಕ್ಟರು.
ನನಗದು ಸೀರೆಯ ಗೋಪುರದಂಚು,
ಯಾರೋ ಬಿಚ್ಚಿ ಬಿಸಿಲಿಗೆ ಕೊಡವಿದ ಹಾಗೆ
ಜರಿ ನಡುಗುತ್ತ ಎಡಕ್ಕೆ, ಇನ್ನೂ ಎಡಕ್ಕೆ,
ಪಾರಸಮಲ್ ಸೇಠರ ಅರ್ಧ ಮುಖ ನುಂಗಿ
ಗಡಿಯಾರದ ಏಳು ಎಂಟು ಒಂಬತ್ತು ಹತ್ತು ನುಂಗಿ.
ನೋವಿಲ್ಲ ಇನ್ನೂ. ಇಪ್ಪತ್ತು ನಿಮಿಷ.
ಚೆಂದವೂ ಇದೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಮನೆ ಸೇರಿಬಿಡೋಣವೆಂದರೆ
ಎಡಭಾಗ ಹೋದ ಕಣ್ಣಿಗೆ ಈ ಊರಲ್ಲಿ
ಎಲ್ಲ ಬಸ್ಸೂ ಬರೀ ‘ನಗರ’ಕ್ಕೆ ಹೋಗುತ್ತವೆ.
ಜಯವೋ ವಿಜಯವೋ ರಾಜಾಜಿಯೋ ಶ್ರೀಯೋ
ಕಂಡಕ್ಟರನ್ನೇ ಕೇಳಬೇಕು.
‘ಓದೋಕೆ ಬರಲ್ವೇನಮ್ಮ?’
ಬರುತ್ತದಪ್ಪ, ಓದಿಯೇ ಹೊಟ್ಟೆ ಹೊರೆಯುವುದು.

ಮಿಂಟೋ ಆಸ್ಪತ್ರೆಯಲ್ಲಿ ಹನಿ ಬಿಟ್ಟು, ದೀಪ ಹಾಯಿಸಿ
‘ದೃಷ್ಟಿ ಸರಿಯಾಗಿದೆ, ಇದು ಮೆದುಳಿನ ಆಟ’ ಅಂದರು.
ವಠಾರದ ಪದ್ದಕ್ಕ ಒಪ್ಪಲಿಲ್ಲ:
‘ದೃಷ್ಟಿಯೇ ಕಣೇ ಆಗಿರೋದು.’
ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು.
ಆ ಘಾಟಿಗೆ ಎರಡು ದಿನ ಎದ್ದಿಲ್ಲ ನಾನು.

ಅರೆತಲೆನೋವು.
ಅರೆ ಎಂದರೆ ಅರ್ಧ ಅಂತಲೇ ತಿಳಿದಿದ್ದೆ,
ಅರೆಯುವುದೂ ಹೌದೆಂದು ಒರಳೇ ಹೇಳಿಕೊಟ್ಟಿತು.
ಕೆಳಗಿನ ವಾದ್ಯದಂಗಡಿಯಲ್ಲಿ ಗಿರಾಕಿಯೊಬ್ಬ
ಡೋಲು ಕೊಳ್ಳುವ ಮೊದಲು ಬಾರಿಸಿ ನೋಡುತ್ತಾನೆ.
ಕೊಳ್ಳುವುದಿಲ್ಲ.
ಇನ್ನೊಂದು ಕೊಡಿ ಅನ್ನುತ್ತಾನೆ.

ಆ ವೈಶಾಖದಲ್ಲಿ ಒಂದು ಕರಡು ಬಂತು.
ತಾರೀಖಿನ ಜಾಗದಲ್ಲಿ ಬರೀ ೨.
ಕಾಣದ್ದನ್ನು ಇದೆಯೆಂದು ತುಂಬಿಕೊಳ್ಳುವುದು
ನನಗೆ ರೂಢಿ. ಹಾಗಲ್ಲದೆ ಬದುಕುವುದು ಹೇಗೆ?
೧೨ ಎಂದೇ ಓದಿ ಸಹಿ ಹಾಕಿದೆ.
ಅವತ್ತು ಕಣ್ಣು ಸರಿಯಿತ್ತು.
ಇಲ್ಲದಿದ್ದದ್ದು ಕಾಗದದಲ್ಲಿ.

ಆರುನೂರು ಪತ್ರಿಕೆ.
ಹುಡುಗಿಯ ಅಪ್ಪ, ನಗರ್ತಪೇಟೆಯ ಅಕ್ಕಸಾಲಿ
ಮೌನೇಶಾಚಾರ್ ಕಟ್ಟುಗಳನ್ನು ಹೊತ್ತು ಬಂದರು.
ಕೂಗಾಡಿದ್ದು ಸೇಠರು. ಸಂಬಳದಲ್ಲಿ ಮುರಿಯುತ್ತೇನೆಂದರು.
ಆಚಾರ್ರು ಜೇಬಿನಿಂದ ಸಣ್ಣ ಮೊನೆಯ ಪೆನ್ನು ತೆಗೆದು
ನನ್ನ ಮೇಜಿನ ಎದುರು ಕೂತರು.
ಮತ್ತೆ ಅಚ್ಚು ಹಾಕಲು ದಿನವಿರಲಿಲ್ಲ.
ನಾನು ಬಿಚ್ಚಿಕೊಟ್ಟೆ, ಅವರು ಬರೆದರು
ಮುಚ್ಚಲು ಮರೆತ ಸೊನ್ನೆಯಂಥ ೧,
ಒಂದಾದ ಮೇಲೊಂದು, ಮೂಗುತಿಗೆ ಹರಳು ಕೂರಿಸುವಂತೆ.
ಮುನ್ನೂರು ದಾಟಿರಬೇಕು,
ನನ್ನ ಕೈ ಹಣೆಗೆ ಹೋಯಿತು.
ಪೆನ್ನು ನಿಂತಿತು. ‘ಎಡಕ್ಕೋ ಬಲಕ್ಕೋ?’
ಎಡಕ್ಕೆ ಅಂದೆ.
‘ಮನೆಯವಳಿಗೆ ಬಲಕ್ಕೆ’ ಅಂದು ಎದ್ದುಹೋಗಿ
ಟ್ಯೂಬ್‌ಲೈಟು ಆರಿಸಿ, ಕಿಟಕಿ ಎಳೆದು
ಉಳಿದವನ್ನು ಬಾಗಿಲ ಸಂದಿನ ಬೆಳಕಲ್ಲೇ ಬರೆದರು.
ಸೇಠರೂ ಯಾಕೋ ಸ್ವಿಚ್ಚು ಮುಟ್ಟಲಿಲ್ಲ.

ಒಂದು ಪತ್ರಿಕೆ ಇಟ್ಟುಕೊಂಡಿದ್ದೇನೆ, ಗಾಜಿನ ಕೆಳಗೆ.
ಆ ೧ ತುಸು ವಾಲಿದೆ, ಮಸಿಯ ಬಣ್ಣ ಬೇರೆ.
ಯಾವ ಕರಡು ಬಂದರೂ ಮೊದಲು ಅದನ್ನು ನೋಡುತ್ತೇನೆ.
ಕಂಡರೆ, ಕೆಂಪು ಪೆನ್ನು ತೆಗೆಯುತ್ತೇನೆ.
ಕಾಣದಿದ್ದರೆ ಕರಡು ನಸ್ರೀನಳ ಮೇಜಿಗೆ.
ನಾನು ಕಾಗದದ ರೀಮುಗಳ ಹಿಂದೆ,
ತಂಪು ನೆಲಕ್ಕೆ ಕೆನ್ನೆಯಿಟ್ಟು.